ಚೈನಿಗೆ ಸುತ್ತಿದ ಕೂದಲು

ಕಳೆದ ಭಾನುವಾರ ಮಧ್ಯಾಹ್ನ ಗೆಳೆಯ ಯತೀಶ್ ಮತ್ತು ನಾನು ವೀರನಹೊಸಹಳ್ಳಿಯ ಆಚೆ ಕಾಡಂಚಿನ ಹಾದಿಯಲ್ಲಿ ಸೈಕಲ್ ತುಳಿಯುತ್ತಿದ್ದೆವು. ಹಳೆಯ ಪಾಳುಮಂಟಪದ ಎದುರು ನನ್ನ ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಚೈನಿಗೆ ಉದ್ದನೆಯ ನರೆಗೂದಲು ಸುತ್ತಿಕೊಂಡಿತ್ತು. ಮುಟ್ಟಿದರೆ ಒದ್ದೆ, ಮೈಬಿಸಿಯಷ್ಟು ಬೆಚ್ಚಗೆ. ಹರಳೆಣ್ಣೆಯ ಜೊತೆ ಕೊಳೆತ ಮಾಂಸದ ನಾತ. ಬೆರಳಿಗೆ ಸುತ್ತಿ ಎಳೆದೆ. ಮಂಟಪದೊಳಗೆ ಯಾರೋ ಹೆಂಗಸು ನೋವಿಗೆ ನರಳಿದಳು.

"ಎಳೀಬ್ಯಾಡ ಕಣ್ಲಾ, ಬುಡು," ಎಂದ ಯತೀಶ್.

ಇಣುಕಿದರೆ ಒಳಗೆ ಯಾರೂ ಇರಲಿಲ್ಲ. ಕೂದಲನ್ನು ಚಾಕುವಿನಲ್ಲಿ ಕೊಯ್ದು, ಕೈಯ ಜಿಡ್ಡನ್ನು ಹುಲ್ಲಿಗೆ ಒರೆಸಿ ಹೊರಟೆವು.

ಹುಣಸೂರು ತಲುಪಿದರೂ ಆ ಚಕ್ರ ಭಾರವಾಗಿಯೇ ಇತ್ತು. ಪಂಕ್ಚರ್ ಅಂಗಡಿಯ ಜವರಯ್ಯ ಟ್ಯೂಬನ್ನು ಹೊರತೆಗೆದು, ಅದೇ ಭಾರವಿದೆಯೆಂದು ಕೊಯ್ದರು. ಒಳಗೆ ಅದೇ ಒದ್ದೆ ನರೆಗೂದಲು ಒತ್ತಾಗಿ ತುಂಬಿತ್ತು. ಅವರು ತಕ್ಷಣ ಟವೆಲಿನಿಂದ ಮೂಗು ಮುಚ್ಚಿಕೊಂಡರು.

"ಇದುನ್ನ ಒಳಕ್ಕೆ ಯಾರು ತುಂಬುದ್ರು ಸಾ?"

ಅವರು ಕೊಯ್ಯುವವರೆಗೆ ಆ ಟ್ಯೂಬಿನಲ್ಲಿ ಒಂದು ತೂತೂ ಇರಲಿಲ್ಲ.