ಮೂರು ಪ್ರತಿ

ಅವರಿಬ್ಬರ ಪರಿಚಯವಾದದ್ದು ಜಗಳದಿಂದ.

"ಯಾರ್ರೀ ಇದನ್ನ ಜೆರಾಕ್ಸ್ ಮಾಡಿದ್ದು? ಎಡಗಡೆ ಅಂಚೇ ಇಲ್ಲ!" ಎಂದು ಅವನು ಹತ್ತು ಹಾಳೆಗಳನ್ನು ಕೌಂಟರಿನ ಮೇಲೆ ಬಡಿದ.

ಅಂಗಡಿಯವಳು ತಲೆ ಎತ್ತಲಿಲ್ಲ. "ನಾನೇ. ಅಂಚಲ್ಲೇನು ಬಂಗಾರ ಇತ್ತಾ?"

"ಪಾಠದ ಕೋಡ್ ಇತ್ತು. ಅದಿಲ್ಲದಿದ್ರೆ ಯಾವ ವಿಷಯ, ಎಷ್ಟು ಗಂಟೆ, ಒಂದೂ ತಿಳಿಯಲ್ಲ. ಒಂದು ಹುಡುಗಿ ಒಂದು ವರ್ಷ ಕಳ್ಕೊಳ್ತಿದ್ಲು."

ಆಗ ತಲೆ ಎತ್ತಿದಳು. ಕೆನ್ನೆಯ ಮೇಲೆ ಟೋನರಿನ ಕಪ್ಪು ಗೀರು. ಬಯ್ಯಲು ಬಾಯಿ ತೆರೆದವಳು ಬಯ್ಯಲಿಲ್ಲ. ಹಾಳೆಗಳನ್ನು ತೆಗೆದುಕೊಂಡು, ಮತ್ತೆ ಗಾಜಿನ ಮೇಲಿಟ್ಟು, ಹತ್ತನ್ನೂ ಹೊಸದಾಗಿ ತೆಗೆದುಕೊಟ್ಟಳು. ದುಡ್ಡು ಬೇಡವೆಂದಳು.

ಅವನು ಎದುರಿನ ವಿಶ್ವವಿದ್ಯಾಲಯದ ವರ್ಗಾವಣೆ ವಿಭಾಗದವನು. ಬೇರೆ ಕಾಲೇಜಿನಲ್ಲಿ ಅರ್ಧ ಓದಿ ಇಲ್ಲಿಗೆ ಬರುವವರ ಹಳೆಯ ಪಾಠಗಳನ್ನು ಇಲ್ಲಿನ ಪಾಠಗಳ ಪಕ್ಕದಲ್ಲಿಟ್ಟು ನೋಡುವುದು ಅವನ ಕೆಲಸ. ಮುಕ್ಕಾಲು ಪಾಲು ಹೊಂದಿದರೆ ಕ್ರೆಡಿಟ್ ಸಿಗುತ್ತದೆ. ಹೊಂದದಿದ್ದರೆ ಓದಿದ್ದನ್ನೇ ಮತ್ತೆ ಓದಬೇಕು. ವಿದ್ಯಾರ್ಥಿಗಳು ಅವನಿಗೆ ಇಟ್ಟ ಹೆಸರು ಕತ್ತರಿ. ಅವಳನ್ನು ಎಲ್ಲರೂ ಜೆರಾಕ್ಸ್ ಅಕ್ಕ ಎನ್ನುತ್ತಿದ್ದರು.

ಮಾರನೆಯ ದಿನದಿಂದ ಅವಳು ಮಿಷನ್ನಿನಿಂದ ಬಂದ ಪ್ರತಿ ಹಾಳೆಯನ್ನೂ ಅಂಚಿನಿಂದ ಅಂಚಿಗೆ ಓದಿಯೇ ಕೊಡತೊಡಗಿದಳು.

"ಅಂಚು ಬಂದಿದೆ, ನೋಡ್ಕೊಳ್ಳಿ ಸಾಹೇಬ್ರೇ. ಆಮೇಲೆ ಕತ್ತರಿ ಹಿಡ್ಕೊಂಡು ಬರ್ಬೇಡಿ."

"ಬಂದ್ರೆ ಏನ್ಮಾಡ್ತೀರಿ?"

"ಕೂದಲು ಕಟ್ ಮಾಡಿಸ್ಕೊಳ್ತೀನಿ," ಎಂದು ಜಡೆಯನ್ನು ಹಿಂದಕ್ಕೆ ಎಸೆದಳು. ಆ ಜಡೆ ಅವನ ಕಣ್ಣಲ್ಲಿ ಸಂಜೆಯವರೆಗೂ ತೂಗಾಡಿತು.

ಹೀಗೇ ಎರಡು ವರ್ಷ. ದಿನಕ್ಕೊಂದು ಹಾಳೆ ಹಿಡಿದು ಅವನು ರಸ್ತೆ ದಾಟುತ್ತಿದ್ದ. ಮೂಲೆಯಲ್ಲಿ ಕೂತು ಪುಸ್ತಕಗಳಿಗೆ ಬೈಂಡ್ ಹಾಕುವ ಅವಳ ಅಪ್ಪ ಒಂದು ದಿನ ಕೇಳಿಯೇಬಿಟ್ಟರು.

"ಏನಪ್ಪಾ, ನಿಮ್ಮ ಆಫೀಸಲ್ಲಿ ಜೆರಾಕ್ಸ್ ಮಿಷನ್ ಇಲ್ವಾ?"

"ಇದೆ ಯಜಮಾನ್ರೇ. ಕೆಟ್ಟಿದೆ."

"ಎರಡು ವರ್ಷದಿಂದ?"

ಅವಳು ಗೋಡೆಯ ಕಡೆ ತಿರುಗಿದಳು. ಭುಜ ಕುಲುಕುತ್ತಿತ್ತು. ನಲವತ್ತು ವರ್ಷದ ಗಂಡಸು ಕಿವಿಯವರೆಗೆ ಕೆಂಪಾದ.

ಕೊನೆಗೊಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವನು ಬಾಯಿಬಿಟ್ಟ. "ನಮ್ಮಕ್ಕ ನಿಮ್ಮನ್ನ ನೋಡ್ಬೇಕಂತೆ."

"ಜೆರಾಕ್ಸ್ ಮಾಡಿಸೋಕಾ?"

"ಅಲ್ಲ."

ಅವಳ ನಗು ತುಟಿಯಲ್ಲೇ ನಿಂತಿತು. ಮಿಷನ್ನಿನ ಮುಚ್ಚಳ ಇಳಿಸಿದಳು. "ಹಾಗಾದ್ರೆ ಅವರಿಗಿಂತ ಮೊದಲು ನೀವು ಒಂದು ನೋಡ್ಬೇಕು. ನಾನು ಡಿಗ್ರಿ ಮುಗಿಸಿದೋಳಲ್ಲ. ನಿಮ್ಮಕ್ಕನಿಗೆ ಸುಳ್ಳು ಹೇಳೋದು ಬೇಡ."

ಹಲಗೆಯ ಮೇಲಿನಿಂದ ಒಂದು ಕವರ್ ಇಳಿಸಿದಳು. ಒಳಗೆ ಒಂದು ಕಾಗದ, ದಾರ ಸುತ್ತಿ ಗಂಟು ಹಾಕಿದ ಒಂದು ಲ್ಯಾಬ್ ರೆಕಾರ್ಡ್.

"ನಮ್ಮೂರ ಕಾಲೇಜಲ್ಲಿ ಎರಡು ವರ್ಷ ಮೈಕ್ರೋಬಯಾಲಜಿ ಓದಿದ್ದೆ. ಅಮ್ಮನ ಕಿಡ್ನಿ ಹೋಯ್ತು. ಇಲ್ಲಿನ ಆಸ್ಪತ್ರೆಗೆ ಬಂದ್ವಿ. ಮೂರನೇ ವರ್ಷ ಇಲ್ಲೇ ಮಾಡೋಣ ಅಂತ ನಿಮ್ಮ ವಿಭಾಗಕ್ಕೆ ಅರ್ಜಿ ಹಾಕಿದೆ. ಮೂರು ವಿಷಯಕ್ಕೆ ಕ್ರೆಡಿಟ್ ಇಲ್ಲ ಅಂದ್ರು. ಮೊದಲನೇ ವರ್ಷದಿಂದ ಓದು ಅಂದ್ರು. ಹದಿನೈದು ದಿನದೊಳಗೆ ಮೇಲ್ಮನವಿ ಹಾಕ್ಬೇಕಿತ್ತು. ಆ ಹದಿನೈದು ದಿನವೂ ಅಮ್ಮ ಐಸಿಯೂನಲ್ಲಿದ್ರು. ಆಮೇಲೆ ಅಮ್ಮನೂ ಹೋದ್ರು, ಓದೂ ಹೋಯ್ತು."

"ಈ ಗಂಟು?"

"ಅಮ್ಮ ಹಾಕಿದ್ದು. ಆಸ್ಪತ್ರೆ ಮಂಚದ ಮೇಲೆ ಕೂತು. ಹಾಳೆ ಉದುರದಿರಲಿ, ಸಾಹೇಬರು ನೋಡೋವಾಗ ಚೆನ್ನಾಗಿ ಕಾಣ್ಲಿ ಅಂತ. ಹೋದ ಹಾಗೇ ವಾಪಸ್ ಬಂತು. ಬಿಚ್ಚೇ ಇಲ್ಲ." ಅವಳು ಅವನ ಮುಖ ನೋಡಿದಳು. "ನೀವಾಗಿದ್ರೆ ಬಿಚ್ಚಿ ಓದ್ತಿದ್ರಿ. ಅಂಚಿಗೋಸ್ಕರ ಜಗಳಕ್ಕೆ ಬಂದೋರಲ್ವಾ ನೀವು!"

ಅವನು ಕಾಗದ ಓದಿದ. ಅರ್ಜಿದಾರರದಾಗಲಿ, ತೀರ್ಮಾನಿಸಿದವರದಾಗಲಿ ಹೆಸರಿರಲಿಲ್ಲ. ಯಾರಿಗೂ ಮುಖ ನೋಡಿ ಮಣೆ ಹಾಕಬಾರದೆಂದು ಆ ವಿಭಾಗದಲ್ಲಿ ಫೈಲುಗಳಿಗೆ ನಂಬರು ಮಾತ್ರ. ಕೊನೆಯಲ್ಲಿ ಒಂದು ಸಾಲು: 'ಪ್ರಯೋಗದ ಅವಧಿ ಕಂಡುಬಂದಿಲ್ಲ.'

ಆ ಸಾಲಿನ ಮೇಲೆ ಬೆರಳಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತ. ವಿಭಾಗದಲ್ಲಿ ಉಳಿದವರೆಲ್ಲ 'ಪ್ರಯೋಗವಿಲ್ಲ' ಎಂದು ಬರೆಯುತ್ತಿದ್ದರು. 'ಕಂಡುಬಂದಿಲ್ಲ' ಎಂದು ಬರೆಯುತ್ತಿದ್ದವನು ಒಬ್ಬನೇ.

"ಏನಾಯ್ತು? ನೀರು ಕೊಡ್ಲಾ?" ಎಂದಳು.

ಬೇಡವೆಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ದಾಖಲೆ ಕೋಣೆಯಲ್ಲಿ ಆ ನಂಬರಿನ ಫೈಲು ಸಿಕ್ಕಿತು. ಅವನದೇ ಹಸಿರು ಪೆನ್ನು, ಅವನದೇ ಅಡ್ಡಗೀಟು. ಅರ್ಜಿಯ ಕೊನೆಯ ದಿನವದು. ಆ ಒಂದೇ ದಿನ ನಲವತ್ತೊಂದು ಫೈಲು ಮುಗಿಸಿದ್ದ. ಕಪಾಟಿನಲ್ಲಿ ಅವಳ ಕಾಲೇಜಿನ ಪಠ್ಯಕ್ರಮದ ಎರಡು ಪುಸ್ತಕಗಳಿದ್ದವು. ಒಂದೇ ಬಣ್ಣದ ರಟ್ಟು. ಇಸವಿ ಮಾತ್ರ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ. ಅವಳು ಓದಿದ್ದು ಹಳೆಯದನ್ನು. ಅದರಲ್ಲಿ ಪ್ರತಿ ವಿಷಯದ ಒಳಗೇ ಪ್ರಯೋಗವಿತ್ತು. ಹೊಸದರಲ್ಲಿ ಪ್ರಯೋಗವನ್ನು ಬೇರೆ ವಿಷಯವಾಗಿ ಒಡೆದಿದ್ದರು. ಮೇಲಿದ್ದ ಹೊಸದನ್ನು ಎಳೆದು, ಇಸವಿ ನೋಡದೆ, ಅವಳ ಮೂರು ವಿಷಯಗಳನ್ನು ಅವನು ಹೊಡೆದುಹಾಕಿದ್ದ. ರೆಕಾರ್ಡನ್ನು ಮುಟ್ಟಿಯೂ ಇರಲಿಲ್ಲ.

ಈಗ ಅವಳು ಹೊಸ ಅರ್ಜಿ ಹಾಕುವಂತಿರಲಿಲ್ಲ. ಕ್ರೆಡಿಟ್ಟಿಗೆ ಐದು ವರ್ಷದ ಆಯಸ್ಸು, ಅವಳದ್ದಕ್ಕೆ ಎಂಟು ದಾಟಿತ್ತು. ಉಳಿದದ್ದು ಒಂದೇ ದಾರಿ. ತಪ್ಪು ಕಚೇರಿಯದೆಂದು, ತಪ್ಪು ಮಾಡಿದವನೇ ಹೆಸರು ಹಾಕಿ ಬರೆದುಕೊಟ್ಟರೆ ಹಳೆಯ ಅರ್ಜಿ ಹಳೆಯ ತಾರೀಖಿನಲ್ಲೇ ಮತ್ತೆ ತೆರೆಯುತ್ತದೆ. ಬರೆದುಕೊಟ್ಟವನ ಪ್ರತಿಯೊಂದು ಫೈಲನ್ನೂ ಆಮೇಲೆ ಜಾಲಾಡುತ್ತಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ಅರ್ಜಿದಾರಳಿಗೂ ಒಂದು ಪ್ರತಿ ಹೋಗುತ್ತದೆ.

ಮನೆಯಲ್ಲಿ ಊಟಕ್ಕೆ ಕೂತಾಗ ತನ್ನ ಅಕ್ಕನಿಗೆ ಹೇಳಿದ. ಅವಳು ತಟ್ಟೆಯಲ್ಲಿ ಕೈ ಹಾಗೇ ನಿಲ್ಲಿಸಿದಳು.

"ಬಾಯಿ ಮುಚ್ಕೊಂಡಿರು ಕಣೋ. ಈಗಲಾದ್ರೂ ಒಂದು ಕೂಡಿ ಬಂದಿದೆ. ಆ ಹಳೇ ಫೈಲು ಯಾವನು ನೋಡ್ತಾನೆ?"

"ನಾನು ನೋಡಿದೀನಲ್ಲ ಅಕ್ಕಾ."

"ಅದಕ್ಕೇ? ಮದುವೆ ಮಾಡ್ಕೊಂಡು ಚೆನ್ನಾಗಿ ನೋಡ್ಕೋ ಅವಳನ್ನ. ತಪ್ಪು ತಾನಾಗೇ ತೀರುತ್ತೆ."

"ಮದುವೆ ಆದ್ಮೇಲೆ ಅವಳು ಎದುರು ಕೂತು ಊಟ ಮಾಡ್ತಾಳೆ. ದಿನಾ. ನಾನು ಯಾವ ಮುಖ ಇಟ್ಕೊಂಡು ತುತ್ತು ಎತ್ತಲಿ?"

ಅಕ್ಕ ಎದ್ದು ಕೈ ತೊಳೆದಳು.

ಮೂರು ದಿನ ಅವನು ರಸ್ತೆ ದಾಟಲಿಲ್ಲ. ನಾಲ್ಕನೆಯ ದಿನ ಒಂದು ಹಾಳೆ ಹಿಡಿದು ಬಂದ.

"ಓಹೋ! ಮಿಷನ್ ಮತ್ತೆ ಕೆಡ್ತಾ?" ಎಂದಳು. ಕಣ್ಣಲ್ಲಿ ಮೂರು ದಿನದ ಕೋಪ, ಅದರ ಕೆಳಗೆ ಮೂರು ದಿನದ ಕಾಯುವಿಕೆ. "ಅಕ್ಕ ಬೇಡ ಅಂದ್ರಾ? ಅಂದಿದ್ರೆ ಅಂದ್ರು ಅಂತ ಹೇಳಿ. ನಾನೇನು ಅಳೋಳಲ್ಲ."

"ಮೂರು ಪ್ರತಿ ಬೇಕು." ಅವನ ಬಾಯಿಂದ ಹೊರಟದ್ದು ಅಷ್ಟೇ.

ಹಾಳೆಯನ್ನು ಕವುಚಿ ಗಾಜಿನ ಮೇಲಿಟ್ಟಳು. ಮುಚ್ಚಳದ ಸಂದಿಯಲ್ಲಿ ಬೆಳಕು ಆ ಬದಿಯಿಂದ ಈ ಬದಿಗೆ ಹರಿಯಿತು. ಮೊದಲ ಪ್ರತಿ ಬಂತು. ಅಂಚು ನೋಡಲು ಎತ್ತಿದಳು. ಎರಡು ವರ್ಷದ ಹಿಂದೆ ಅವನೇ ಹಚ್ಚಿದ ಅಭ್ಯಾಸ. ಎಡ ಅಂಚಿನಲ್ಲಿ ಅವಳ ಫೈಲಿನ ನಂಬರಿತ್ತು.

ಓದಿದಳು. ಮಿಷನ್ ಎರಡನೆಯದನ್ನು ಉಗುಳಿತು. ಮೂರನೆಯದನ್ನು ಉಗುಳಿತು. ಅವಳು ಮೊದಲನೆಯದನ್ನೇ ಓದುತ್ತಿದ್ದಳು.

"ಇದು ನೀವಾ?"

"ನಾನೇ."

"ಇಸವಿ ನೋಡ್ಲಿಲ್ವಾ?"

"ನೋಡ್ಲಿಲ್ಲ."

"ಯಾಕೆ?"

ನಲವತ್ತೊಂದು ಫೈಲು ಎನ್ನಬಹುದಿತ್ತು. ಅದನ್ನು ಆಡಲು ನಾಲಗೆ ಏಳಲಿಲ್ಲ.

"ಅಮ್ಮ ಕೊನೇ ದಿನದವರೆಗೂ ಕೇಳ್ತಿದ್ಲು, ರೆಕಾರ್ಡ್ ಸರಿಯಾಗಿ ಬರೆದಿದ್ಯೇನೇ ಅಂತ. ಮಗಳೇ ಎಲ್ಲೋ ತಪ್ಪು ಮಾಡಿದಾಳೆ ಅಂದ್ಕೊಂಡು ಸತ್ಲು." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಎಂಟು ವರ್ಷ ಈ ಮಿಷನ್ ಮುಂದೆ ನಿಂತಿದೀನಿ. ಅದಕ್ಕೆ ಎಷ್ಟು ಕ್ರೆಡಿಟ್ ಕೊಡ್ತೀರಿ ಸಾಹೇಬ್ರೇ?"

ಮೂಲೆಯಲ್ಲಿ ಅಪ್ಪ ಬೈಂಡಿಂಗ್ ನಿಲ್ಲಿಸಿದರು.

ಅವಳು ಮೂರು ಪ್ರತಿಗಳ ಅಂಚನ್ನೂ ನೋಡಿದಳು. ಎರಡನ್ನು ಅವನ ಮುಂದೆ ಸರಿಸಿ, ಒಂದನ್ನು ಇಟ್ಟುಕೊಂಡಳು.

"ಅರ್ಜಿದಾರರ ಪ್ರತಿ. ಹೋಗಿ."

ಎರಡು ತಿಂಗಳಲ್ಲಿ ತೀರ್ಮಾನ ಬಂತು. ಮೂರು ವಿಷಯಕ್ಕೂ ಪೂರ್ತಿ ಕ್ರೆಡಿಟ್, ನೇರ ಮೂರನೆಯ ವರ್ಷ. ಮೈಕ್ರೋಬಯಾಲಜಿ ವಿಭಾಗ ಈಗ ಇನ್ನೊಂದು ಕ್ಯಾಂಪಸ್ಸಿಗೆ ಹೋಗಿತ್ತು, ಬಸ್ಸಿನಲ್ಲಿ ಆರು ಗಂಟೆಯ ದೂರ. ಅವನ ಹಳೆಯ ಫೈಲುಗಳನ್ನು ಜಾಲಾಡಿದಾಗ ಅದೇ ತಪ್ಪು ಇನ್ನೂ ಎರಡರಲ್ಲಿ ಸಿಕ್ಕಿತು. ಆ ಇಬ್ಬರಿಗೂ ಕಾಗದ ಹೋಯಿತು. ಒಬ್ಬರದು ವಿಳಾಸ ಸಿಗದೆ ಹಿಂದಿರುಗಿತು. ಅವನನ್ನು ದಾಖಲೆ ಕೋಣೆಗೆ ಹಾಕಿದರು.

ಹೊರಡುವ ದಿನ ಅವಳು ಅಲ್ಲಿಗೇ ಬಂದಳು. ಕೆನ್ನೆಯಲ್ಲಿ ಕಪ್ಪಿರಲಿಲ್ಲ. ಅದಿಲ್ಲದ ಮುಖವನ್ನು ಅವನು ಎಂದೂ ನೋಡಿರಲಿಲ್ಲ.

"ಅಂಗಡಿ ಬಿಟ್ಟುಕೊಟ್ವಿ. ಅಪ್ಪನೂ ನನ್ನ ಜೊತೆ ಬರ್ತಿದಾರೆ."

"ಒಳ್ಳೇದಾಯ್ತು."

"ಏನು ಒಳ್ಳೇದು? ಇಪ್ಪತ್ತು ವರ್ಷದ ಹುಡುಗೀರ ಮಧ್ಯೆ ಮೂವತ್ತರವಳು ಹೋಗಿ ಕೂತ್ಕೋಬೇಕು. ಅವರೂ ಅಕ್ಕ ಅಂತಾರೆ."

ಅವನು ನಗಲು ನೋಡಿದ. ಆಗಲಿಲ್ಲ. "ನಿಮ್ಮನ್ನ ಒಂದು ಕೇಳ್ಬೇಕಿತ್ತು..."

"ಕೇಳ್ಬೇಡಿ. ಈಗ ಕೇಳಿದ್ರೆ ಇಲ್ಲ ಅಂತೀನಿ. ಇಲ್ಲ ಅನ್ನೋಕೆ ನನಗೆ ಇಷ್ಟ ಇಲ್ಲ, ಹೂಂ ಅನ್ನೋಕೆ ಮನಸ್ಸು ಬರ್ತಿಲ್ಲ." ಚೀಲದಿಂದ ರೆಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ದಾರ ಹಳದಿಯಾಗಿತ್ತು. "ಆಗ ಓದ್ಲಿಲ್ಲ. ಈಗ ಓದಿ. ದಾರ ಕತ್ತರಿಸಬೇಡಿ, ಬಿಚ್ಚಿ. ಪೂರ್ತಿ ಓದಿದ್ರೆ ಕಾಗದ ಬರೀರಿ. ಅರ್ಧ ಓದಿ ಬರೀಬೇಡಿ."

ಬಾಗಿಲಲ್ಲಿ ಒಮ್ಮೆ ತಿರುಗಿದಳು. ಕಪಾಟುಗಳನ್ನು ನೋಡಿದಳು, ಅವನನ್ನು ನೋಡಿದಳು, ಹೋದಳು. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ನಿಲ್ಲುವವರೆಗೆ ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಆಮೇಲೆ ಗಂಟಿಗೆ ಉಗುರು ಹಾಕಿದ. ಸಾಯುವ ಹೆಂಗಸು ಹಾಕಿದ ಗಂಟು ಅಷ್ಟು ಬಿಗಿಯಾಗಿರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಉಗುರಿನ ಬುಡ ಉರಿಯಿತು. ಎಷ್ಟೋ ಹೊತ್ತಿಗೆ ಒಂದು ಎಳೆ ಸಡಿಲಾಯಿತು, ಇನ್ನೊಂದು ತಾನಾಗಿ ಬಂತು. ದಾರವನ್ನು ಮಡಿಸಿ ಜೇಬಿಗಿಟ್ಟು ರಟ್ಟು ತೆರೆದ.

ಮೊದಲ ಪುಟ. ದುಂಡನೆಯ ಅಕ್ಷರ. ಎಡ ಅಂಚಿನಲ್ಲಿ ಪಾಠದ ಕೋಡ್, ಅದರ ಕೆಳಗೆ ಇಸವಿ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳೇ ಗೆರೆ ಎಳೆದು ಬರೆದಿದ್ದಳು: ಪ್ರಯೋಗ, ವಾರಕ್ಕೆ ನಾಲ್ಕು ಗಂಟೆ.

ಬಹಳ ಹೊತ್ತಿನ ಮೇಲೆ ಅವನು ಪುಟ ತಿರುಗಿಸಿದ.