ಬಾಟಲಿಯೊಳಗೆ ಬೆಂದ ಸಸಿಗಳು

ಒಂದೂರಿನಲ್ಲಿ ಒಬ್ಬ ರಾಜನಿದ್ದ ಎಂದು ಅಜ್ಜಿಯರ ಕತೆ ಶುರುವಾಗುತ್ತದೆ. ಈ ಊರಿನಲ್ಲಿ ರಾಜನಿರಲಿಲ್ಲ, ಸೋರುವ ನಲ್ಲಿಯೊಂದಿತ್ತು. ಬೀದಿಯ ಕೊನೆಯ ಮನೆಯ ಅಡುಗೆಕೋಣೆಯಲ್ಲಿ ಅದು ಹಗಲಿರುಳೂ ಟಪ್, ಟಪ್ ಎನ್ನುತ್ತ ಆ ಮನೆಯ ಹುಡುಗಿಯ ಪ್ರಾಣ ಹಿಂಡುತ್ತಿತ್ತು.

ಹುಡುಗಿಗೆ ದೊಡ್ಡಮ್ಮ ಇಟ್ಟ ಹೆಸರು ಗೊಣಗಿ. ದೊಡ್ಡಮ್ಮ ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಕೂತು ಕೂದಲು ನೆರೆಸಿಕೊಂಡವಳು. ಕೊಡೆ, ಚೀಲ, ಕಟ್ಟಿಸಿದ ಹಲ್ಲು, ಏನೇ ಬರಲಿ, ಎಂಥವರದೆಂದು ಹೇಳಿಬಿಡುತ್ತಿದ್ದಳು. ನಿವೃತ್ತಿಯಾದ ಮೇಲೆ ಬೀದಿಯವರು ಕಳ್ಳರನ್ನೂ ಅವಳ ಹತ್ತಿರವೇ ಕೇಳತೊಡಗಿದರು. ಗೊಣಗಿಯದು ಅವಳ ಬೆನ್ನ ಹಿಂದೆ ಓಡಾಡಿ, ಪ್ರತಿ ಸಲವೂ ತಪ್ಪು ಮನುಷ್ಯರನ್ನೇ ಅನುಮಾನಿಸುವ ಕೆಲಸ.

"ನಲ್ಲಿ ರಿಪೇರಿಗೆ ನಾಳೆ ಬರ್ತೀನಿ ಅನ್ನೋ ಈ ಫಿಟ್ಟರಣ್ಣನ ನಾಳೆ ಯಾವತ್ತು ಬರುತ್ತೆ ದೊಡ್ಡಮ್ಮ?" ಎಂದು ಅವಳು ನಲ್ಲಿಗೆ ಬಟ್ಟೆ ಸುತ್ತುತ್ತಿದ್ದಾಗಲೇ ಆ ಫಿಟ್ಟರನ ಹೆಂಡತಿ ಬಿರುಗಾಳಿಯಂತೆ ನುಗ್ಗಿದಳು. ಕೈಯಲ್ಲೊಂದು ಪುಟ್ಟ ಕುಂಡ. ಅದರ ಮೇಲೆ ತಳ ಕತ್ತರಿಸಿ, ಬಾಯಿ ಮೇಲಾಗುವಂತೆ ಕವುಚಿದ ನೀರಿನ ಬಾಟಲಿ. ಒಳಗೆ ಬೆಂದ ಸೊಪ್ಪಿನಂತೆ ಜೋತುಬಿದ್ದ ಟೊಮೆಟೊ ಸಸಿ.

"ನೋಡಿ ಅಮ್ಮ, ಇದು ಮೂರನೇ ಸಲ! ನನ್ನ ನಾದಿನಿ ಬೇಯಿಸಿ ಕೊಂದಿದ್ದಾಳೆ!"

"ಮೊದಲು ಕೂತ್ಕೊ. ಬಾಟಲಿ ಯಾಕೆ?"

"ಗಾಜಿನ ಮನೆ ಕಟ್ಟಿಸೋಕೆ ನಾನೇನು ಮಹಾರಾಣೀನಾ? ಗುಜರಿ ಅಂಗಡೀಲಿ ಹಳೇ ಬಾಟಲಿ ಸಿಗುತ್ತೆ. ಕವುಚಿದ್ರೆ ಚಳಿ ತಾಗಲ್ಲ, ಹಕ್ಕಿ ಕುಕ್ಕಲ್ಲ. ರಾತ್ರಿ ಮುಚ್ಚಳ ಹಾಕ್ತೀನಿ, ಬೆಳಿಗ್ಗೆ ತೆಗೀತೀನಿ. ತೆಗೀದಿದ್ರೆ ಬಿಸಿಲಿಗೆ ಒಳಗೆಲ್ಲ ಕುದಿಯುತ್ತೆ. ಇವತ್ತೂ ಕೈಯಾರೆ ತೆಗೆದಿಟ್ಟೇ ಹೊಲಿಗೆ ಅಂಗಡಿಗೆ ಹೋದೆ. ಮಧ್ಯಾಹ್ನ ಬಂದ್ರೆ ಎಲ್ಲ ಬಿಗಿಯಾಗಿ ಮುಚ್ಚಿವೆ! ಹಗಲು ಮನೇಲಿರೋಳು ಅವಳೊಬ್ಬಳೇ. ಬಣ್ಣದ ಬಟ್ಟೆ ಒಣಗಿಸೋಕೆ ಹಿತ್ತಲು ಬೇಕು ಅಂತ ಮೊನ್ನೆ ಜಗಳ ಬೇರೆ ಆಡಿದ್ಲು."

"ಅವಳೇನಂತಾಳೆ?"

"ಪೆಟ್ಟಿಗೆ ಕಟ್ತಿದ್ದಾಳೆ. ಸಂಜೆ ಬಸ್ಸಿಗೆ ಹೋಗ್ತಾಳಂತೆ. ಹೋಗಲಿ!" ಎಂದವಳು ಕುಂಡವನ್ನು ಮಡಿಲಿಗೆಳೆದುಕೊಂಡಳು. "ಅತ್ತೆ ಹೋದ ಮೇಲೆ ನಾನೇ ಜಡೆ ಹಾಕಿ ಬೆಳೆಸಿದ ಹುಡುಗಿ ಅಮ್ಮ. ಅವಳಲ್ಲ ಅಂತ ಒಬ್ಬರಾದ್ರೂ ಹೇಳಿ ನನಗೆ."

ಅವರು ಹೋದಾಗ ನಾದಿನಿ ಪೆಟ್ಟಿಗೆಯ ಮುಂದೆ ಕೂತಿದ್ದಳು. ಬಟ್ಟೆಗೆ ಬಣ್ಣ ಹಾಕುವ ಕೈ, ಮಣಿಕಟ್ಟಿನವರೆಗೂ ನೀಲಿ. ಬಾಗಿಲ ಚಿಲಕ ನೀಲಿ, ಹಗ್ಗದ ಕ್ಲಿಪ್ಪುಗಳು ನೀಲಿ, ಬಿಳಿ ಬೆಕ್ಕಿನ ಬೆನ್ನ ಮೇಲೂ ಐದು ನೀಲಿ ಬೆರಳು. ಗೊಣಗಿಗೆ ಅಜ್ಜಿಯ ಕತೆಯ ಮಾಟಗಾತಿ ಸಿಕ್ಕಿಯೇಬಿಟ್ಟಳೆನ್ನಿಸಿತು. ದೊಡ್ಡಮ್ಮ ಮಾತ್ರ ಬೆಕ್ಕನ್ನು ಸವರುತ್ತ ನಿಂತಳು.

"ಬೆಕ್ಕನ್ನ ಆಮೇಲೆ ಮುದ್ದು ಮಾಡಿ ದೊಡ್ಡಮ್ಮ!"

"ಬೆಕ್ಕೇ ಮಾತಾಡ್ತಿದೆ, ಕೇಳಿಸಲ್ವಾ?"

ಹಿತ್ತಲಿನಿಂದ ಗೇಟಿಗೆ ಹೋಗುವ ದಾರಿಯ ಪಕ್ಕದಲ್ಲಿ ಸೊಂಟದೆತ್ತರದ ಹಲಗೆ. ಅದರ ತುಂಬ ಬಾಟಲಿ ಹೊದ್ದ ಕುಂಡಗಳು. ಮುಚ್ಚಳ ಕಳೆಯದಿರಲೆಂದು ಪ್ರತಿ ಬಾಟಲಿಯ ಕತ್ತಿಗೂ ಅದನ್ನು ದಾರದಲ್ಲಿ ಕಟ್ಟಿತ್ತು. ಈಗ ಒಂದೂ ಜೋತಾಡುತ್ತಿರಲಿಲ್ಲ. ಬೆಳ್ಳಗೆ, ಚೊಕ್ಕಟವಾಗಿ, ಎಲ್ಲವೂ ಬಾಟಲಿಗಳ ಬಾಯಲ್ಲಿ ಕೂತಿದ್ದವು. ಗೊಣಗಿ ಒಂದನ್ನು ತಿರುಗಿಸಲು ಹೋದರೆ ಅಂಗೈ ಕೆಂಪಾಯಿತೇ ಹೊರತು ಮುಚ್ಚಳ ಅಲುಗಲಿಲ್ಲ.

"ನನ್ನ ಕೈಲೂ ಆಗಲ್ಲ" ಎಂದಳು ಫಿಟ್ಟರನ ಹೆಂಡತಿ. "ಈ ಮನೇಲಿ ಉಪ್ಪಿನ ಡಬ್ಬಿ ತೆಗೆಯೋಕೂ ಇವರನ್ನೇ ಕರೀಬೇಕು."

ಹಿತ್ತಲ ಕೊನೆಯ ಗೋಡೆಯ ಬುಡದಲ್ಲಿ, ಅಷ್ಟೇ ಬಿಸಿಲಿನಲ್ಲಿ, ನೆಲದ ಮೇಲೆ ಇನ್ನೊಂದು ಸಾಲಿತ್ತು. ಅಲ್ಲಿನ ಬಾಟಲಿಗಳು ಬಾಯಿ ತೆರೆದೇ ಇದ್ದವು. ಒಳಗಿನ ಬದನೆ ಸಸಿಗಳು ಏನೂ ಆಗಿಲ್ಲವೆಂಬಂತೆ ನಗುತ್ತಿದ್ದವು.

ಅಷ್ಟರಲ್ಲಿ ತಂಗಿ ಹೊರಟಳೆಂಬ ಸುದ್ದಿ ಕೇಳಿ ಫಿಟ್ಟರ್ ಅರ್ಧ ಕೆಲಸ ಬಿಟ್ಟು ಓಡಿಬಂದ. "ನಾನೂ ಯಾರನ್ನೂ ನೋಡಿಲ್ಲ ಅಮ್ಮ. ಇವಳು ಹೋದ ಮೇಲೆ ಕಂಪನಿ ಗಾಡಿ ಬರೋವರೆಗೂ ಇವತ್ತೂ ಈ ಹಲಗೆ ಹತ್ರಾನೇ ನಿಂತು ಫೋನಲ್ಲಿ ಮಾತಾಡ್ತಿದ್ದೆ. ಒಂದು ನರಪಿಳ್ಳೆ ಬಂದಿಲ್ಲ."

"ಸರಿ. ಬಸ್ಸಿಗೆ ಮುಂಚೆ ಎಲ್ಲರೂ ನಮ್ಮನೆಗೆ ಬನ್ನಿ. ಪೆಟ್ಟಿಗೇನೂ ತಗೊಂಡು ಬಾ ಮಗಳೇ" ಎಂದಳು ದೊಡ್ಡಮ್ಮ.

ದಾರಿಯುದ್ದಕ್ಕೂ ಗೊಣಗಿ ಕೇಳಿದಳು. ದೊಡ್ಡಮ್ಮ ಬಾಯಿ ಬಿಡಲಿಲ್ಲ. ಮನೆಗೆ ಬಂದರೆ ನಲ್ಲಿ ಮಾತ್ರ ಮಾತಾಡಿತು: ಟಪ್.

ಸಂಜೆ ಎಲ್ಲರೂ ಅಡುಗೆಕೋಣೆಯ ಮೇಜಿನ ಸುತ್ತ ಕೂತರು. ಪ್ರತಿಯೊಬ್ಬರ ಮುಂದೂ ಬಾಯಿ ತೆರೆದ ಒಂದೊಂದು ಬಾಟಲಿ, ಕತ್ತಿಗೆ ಜೋತ ಮುಚ್ಚಳ.

"ಇವೇನು?" ಎಂದಳು ಗೊಣಗಿ.

"ಸಾಕ್ಷಿಗಳು, ಇರಲಿ ಬಿಡು. ಅಂದ ಹಾಗೆ ಫಿಟ್ಟರಣ್ಣ, ಆ ದೊಡ್ಡ ಕಟ್ಟಡದ ಪೈಪು ಒಡೆದಿತ್ತಂತಲ್ಲ, ಏನಾಯ್ತು?"

ಫಿಟ್ಟರನ ಮುಖ ಅರಳಿತು. ಯಾವ ಮಹಡಿ, ಯಾವ ಕೀಲು, ಯಾವ ಮೂರ್ಖ ಹಾಕಿದ್ದು, ಎಲ್ಲ ಶುರುವಾಯಿತು. ದೊಡ್ಡಮ್ಮ ಹೂಂ, ಹೂಂ ಎನ್ನುತ್ತ ಕೇಳಿದಳು. ಹುಡುಗಿ ಮನೆ ಬಿಟ್ಟು ಹೋಗುತ್ತಿದ್ದಾಳೆ, ಇವರಿಗೆ ಪೈಪಿನ ಪುರಾಣ! ಗೊಣಗಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾದಿನಿ ಪೆಟ್ಟಿಗೆ ಹಿಡಿದು ಎದ್ದೇಬಿಟ್ಟಳು.

"ಕೂರು ತಾಯಿ, ಮುಗೀತು" ಎಂದಳು ದೊಡ್ಡಮ್ಮ. "ಇವಳು ಮುಟ್ಟಿದ ಬೆಕ್ಕೂ ನೀಲಿಯಾಗುತ್ತೆ. ಆ ಬಿಳೀ ಮುಚ್ಚಳಗಳ ಮೇಲೆ ಒಂದು ಚುಕ್ಕೆ ನೀಲಿ ಇತ್ತಾ? ಇರಲಿಲ್ಲ. ಹಗೆ ಇದ್ದವರು ಗೋಡೆ ಬುಡದ ಬದನೆ ಸಸೀನ ಉಳಿಸ್ತಿದ್ರಾ? ಉಳಿದಿದ್ದು ಯಾಕಂದ್ರೆ ಅದಕ್ಕೆ ಬಗ್ಗಬೇಕು. ನಿಂತ ಕೈಗೆ ಸಿಕ್ಕಿದ್ದಷ್ಟೇ ಸತ್ತಿದ್ದು. ಅದೂ ಎಂಥಾ ಕೈ? ಇನ್ನೊಬ್ಬರು ತೆಗೆಯೋಕಾಗದಂಗೆ ಬಿಗಿಯೋ ಕೈ. ಆ ಮನೆ ಉಪ್ಪಿನ ಡಬ್ಬೀನೂ ಅದೇ ಕೈ ಬಿಗಿದಿದ್ದು. ಈಗ ಎಲ್ಲರೂ ನಿಮ್ಮ ನಿಮ್ಮ ಬಾಟಲಿ ನೋಡ್ಕೊಳ್ಳಿ."

ಗೊಣಗಿ ನೋಡಿದಳು. ಅವಳ ಬಾಟಲಿ ಮುಚ್ಚಿತ್ತು. ಪಕ್ಕದಲ್ಲಿದ್ದ ಫಿಟ್ಟರನದೂ, ಅವನ ಹೆಂಡತಿಯದೂ ಮುಚ್ಚಿದ್ದವು. ಅವನ ಕೈ ಮೇಜಿನಾಚೆ ತಂಗಿಯ ಬಾಟಲಿಯ ಮುಚ್ಚಳದ ಮೇಲಿತ್ತು, ಇನ್ನೂ ತಿರುಗುತ್ತಿತ್ತು.

ಬೆಂಕಿ ಮುಟ್ಟಿದವನಂತೆ ಫಿಟ್ಟರ್ ಕೈ ಎಳೆದುಕೊಂಡ. "ಅಯ್ಯೋ! ನಾನು ಮುಟ್ಟೇ ಇಲ್ಲವಲ್ಲ!"

"ಕೊಡೆ ಬಿಟ್ಟುಹೋದವರೂ ಹಿಂಗೇ, ನಾನು ಬಿಟ್ಟೇ ಇಲ್ಲ ಅಂತಿದ್ರು. ಕೈ ತನ್ನ ಯಜಮಾನನ್ನ ಕೇಳಿ ಮರೆಯಲ್ಲಪ್ಪ. ಬಾಯಿ ತೆರೆದ ಪೈಪು ಕಂಡ್ರೆ ಮುಚ್ಚೋದು ನಿನ್ನ ಕೈಗೆ ಜೀವಮಾನದ ಅಭ್ಯಾಸ. ಫೋನು ಕಿವೀಲಿ, ಬಾಟಲಿ ಕೈಯಲ್ಲಿ, ಗಾಡಿ ಬರೋ ಹೊತ್ತಿಗೆ ಸಸಿಗಳ ಉಸಿರು ಕಟ್ಟಿತ್ತು."

ನಾದಿನಿಯೇ ಮೊದಲು ಕಿಸಕ್ಕನೆ ನಕ್ಕಳು. "ಅಣ್ಣ, ಶಾಲೇಲಿ ನನ್ನ ನೀರಿನ ಬಾಟಲಿ ತೆಗೆಯೋಕಾಗದೆ ದಿನಾ ಬಾಯಾರಿ ಬರ್ತಿದ್ದೆನಲ್ಲ, ಅದೂ ನೀನೇನಾ?" ನಗು ಅರ್ಧದಲ್ಲೇ ಅಳುವಾಯಿತು.

ಫಿಟ್ಟರನ ಹೆಂಡತಿ ಪೆಟ್ಟಿಗೆಯನ್ನು ಎಳೆದು ತನ್ನ ಕುರ್ಚಿಯ ಕೆಳಗಿಟ್ಟುಕೊಂಡಳು. "ಬಾ ಇಲ್ಲಿ. ಜಡೆ ನೋಡು, ಹಕ್ಕಿ ಗೂಡಾಗಿದೆ" ಎಂದಳು. "ನನ್ನ ನಾಲಿಗೆಗೆ ಮೊದಲು ಮುಚ್ಚಳ ಹಾಕಬೇಕಿತ್ತು ಕಣೇ."

"ಮುಚ್ಚಳಗಳನ್ನೆಲ್ಲ ಬಿಸಾಕು ಅತ್ತಿಗೆ" ಎಂದಳು ನಾದಿನಿ, ಕಣ್ಣೊರೆಸಿಕೊಂಡು, ಕೆನ್ನೆಯನ್ನೂ ನೀಲಿ ಮಾಡಿಕೊಂಡು. "ಚಳಿಗೆ ಸಂಜೆ ನನ್ನ ಬಟ್ಟೆ ಚೂರು ತುರುಕಿದ್ರಾಯ್ತು. ಬೆಳಿಗ್ಗೆ ನಾನೇ ತೆಗೀತೀನಿ."

ಗೊಣಗಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. "ಊರ ಬಾಟಲಿಗಳನ್ನೆಲ್ಲ ಮುಚ್ಚೋ ಕೈಗೆ ನಮ್ಮ ನಲ್ಲಿ ಒಂದು ಕಾಣಲ್ವಾ ಫಿಟ್ಟರಣ್ಣ?"

"ನಾಳೆ ಖಂಡಿತ…"

"ನಾಳೆ ಅಲ್ಲ, ನನ್ನ ಫೀಸು ಇವತ್ತೇ ಬೇಕು" ಎಂದಳು ದೊಡ್ಡಮ್ಮ.

ಫಿಟ್ಟರ್ ಜೇಬಿಗೆ ಕೈ ಹಾಕಿದ. ನಲ್ಲಿಗೆ ಹಾಕುವ ಪುಟ್ಟ ಕಪ್ಪು ರಬ್ಬರ್ ವಾಷರೊಂದು ಹೊರಬಂತು. ಎಷ್ಟೋ ನಾಳೆಗಳಿಂದ ಅದು ಅಲ್ಲೇ ಇತ್ತಂತೆ. ನೀರು ನಿಲ್ಲಿಸಿ, ನಲ್ಲಿ ಬಿಚ್ಚಿ, ವಾಷರ್ ಕೂರಿಸಿ, ಮತ್ತೆ ತಿರುಗಿಸಿದ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ನಲ್ಲಿಯ ತುದಿಯಲ್ಲಿ ಒಂದು ಹನಿ ದಪ್ಪಗಾಯಿತು, ನಡುಗಿತು, ಬೀಳಲೋ ಬೇಡವೋ ಎಂದು ಯೋಚಿಸಿತು.

ಬೀಳಲಿಲ್ಲ.