ಆಯುಧ ಪೂಜೆ ಕಂಡ ರ‍್ಯಾಂಪು

"ನನ್ನ ರ‍್ಯಾಂಪು ಮುಟ್ಟಿದ್ರೆ ಸುಮ್ನಿರಲ್ಲ!"

ಅರುಂಧತಿಯ ದನಿಗೆ ಮಳವಳ್ಳಿಯ ಆ ಕಾಲೇಜಿನ ಲ್ಯಾಬೇ ಬೆಚ್ಚಿತು. ಕರವಸ್ತ್ರ ಹಿಡಿದು ಬಂದಿದ್ದ ಲ್ಯಾಬ್ ಸಹಾಯಕ ಅಂಬರೀಶ್ ಅಲ್ಲೇ ನಿಂತ.

"ಮೇಡಂ, ಒಂದು ಮಾತು..."

"ಆಮೇಲೆ!"

ಭೌತಶಾಸ್ತ್ರದ ಉಪನ್ಯಾಸಕಿಯಾದ ಅವಳು ಟಗರಿಗೆ ಹೆಸರಾದ ಬಂಡೂರಿನವಳು. ಟಗರಿನ ಹಠ ಊರಿಂದಲೇ ಬಂದಿತ್ತು. ಇವತ್ತಂತೂ ಕೆಲಸವೇ ಪಣಕ್ಕೆ ಬಿದ್ದಿತ್ತು.

ರ‍್ಯಾಂಪಿನಿಂದ ಎಂದರೆ ಮೇಜಿನ ಮೇಲಿನ ಇಳಿಜಾರು ಹಲಗೆಯಿಂದ ಇಳಿದ ಕಬ್ಬಿಣದ ಗುಂಡು ಮೇಜಿನಿಂದ ಎಷ್ಟು ದೂರ ಬೀಳುತ್ತದೆ? ಗೈಡಿನಲ್ಲಿದ್ದ ಉತ್ತರ ತೊಂಬತ್ತೈದು ಸೆಂಟಿಮೀಟರು. ಅವಳದು ಎಂಬತ್ತು. ಗುಂಡು ಉರುಳುವುದಕ್ಕೂ ಒಂದಿಷ್ಟು ಶಕ್ತಿ ಹೋಗುತ್ತದೆ, ಗೈಡು ಅದನ್ನು ಮರೆತಿದೆ ಎಂದು ಅವಳ ವಾದ.

ವಿಭಾಗದ ಮುಖ್ಯಸ್ಥ ಹೊನ್ನಯ್ಯ ಕೆರಳಿದ್ದರು. "ಇಪ್ಪತ್ತು ವರ್ಸದಿಂದ ತೊಂಬತ್ತೈದು ಅಂತ್ಲೇ ಯೋಳ್ಕೊಟ್ಟಿವ್ನಿ ಕಣಮ್ಮ. ಎಂಬತ್ತಕ್ಕೆ ಒಂದು ಲೋಟ ಇಡು, ಗುಂಡು ಅದ್ರೊಳಕ್ಕೆ ಬೀಳ್ನಿಲ್ಲ ಅಂದ್ರೆ ಮಕ್ಳ ಮುಂದೆ ತಪ್ಪು ಒಪ್ಕೊ. ಇಲ್ಲಾ, ನಾಳೆಯಿಂದ ಬರಬ್ಯಾಡ!"

ಎಂಬತ್ತಕ್ಕೆ ಸರಿಯಾಗಿ ಲೋಟ ಇಟ್ಟು, ಅರುಂಧತಿ ಗುಂಡು ಬಿಟ್ಟಳು.

ಟಣ್! ಲೋಟ ದಾಟಿ ನೆಲಕ್ಕೆ!

ಹುಡುಗರು ಗೊಳ್ಳೆಂದು ನಕ್ಕರು. ಅವಳು ರ‍್ಯಾಂಪಿನ ಮೇಲೆ ಬೆರಳಾಡಿಸಿದಳು... ಜಿಡ್ಡು! ಹರಳೆಣ್ಣೆ! ತುದಿಯಲ್ಲೊಂದು ಕುಂಕುಮದ ಬೊಟ್ಟು ಬೇರೆ.

"ಯಾರು ಸವರಿದ್ದು?"

"ನಾನೇ," ಎಂದ ಅಂಬರೀಶ್.

ಅವಳು ಬೆರಳಿಗಂಟಿದ ಜಿಡ್ಡನ್ನೇ ನೋಡಿದಳು. 'ಇವನೊಬ್ಬನಾದರೂ ನನ್ನ ಲೆಕ್ಕ ನಂಬಿದ್ದಾನೆ ಅಂದುಕೊಂಡಿದ್ದೆನಲ್ಲ!' ಮೂರು ತಿಂಗಳಿಂದ ಒಳಗೊಳಗೇ ಇಷ್ಟಪಟ್ಟಿದ್ದವನು.

"ನನ್ನ ಸೋಲಿಸೋಕಾ?"

"ಅಯ್ಯೋ, ಇಲ್ಲ ಕಣ್ರೀ! ಆಯುಧ ಪೂಜೆಗೆ ನಮ್ಮ ಮದ್ದೂರಲ್ಲಿ ನೇಗ್ಲು, ಮಚ್ಚು ಎಲ್ಲಕ್ಕೂ ಎಣ್ಣೆ ಸವರಿ ಬೊಟ್ಟಿಡ್ತೀವಿ. ಇದು ನಿಮ್ಮ ಆಯುಧ ಅಲ್ವಾ... ಇಡೀ ಲ್ಯಾಬಲ್ಲಿ ಇದಕ್ಕೇ ಮೊದ್ಲು ಮಾಡ್ದೆ. ಗುಂಡು ಉರುಳ್ದೆ ಜಾರ‍್ಬುಡ್ತು! ಅದ್ಕೇ ದೂರ ಬಿತ್ತು. ಎಣ್ಣೆ ಇರೋದು ಆಗ್ಲೇ ನೆನಪಾಗಿ ಒರೆಸಕ್ಕೆ ಬಂದ್ರೆ, ನೀವು ಬುಡ್ನಿಲ್ಲ."

ತನ್ನ ಹಠವೇ ತನಗೆ ಮುಳುವಾಗಿತ್ತು! ಅರುಂಧತಿ ತುಟಿ ಕಚ್ಚಿದಳು.

"ನೆಪ ಸಾಕು. ತಪ್ಪು ಒಪ್ಕೊಳಮ್ಮ," ಎಂದರು ಹೊನ್ನಯ್ಯ.

"ಒಪ್ಪಲ್ಲ ಸಾರ್! ಇನ್ನೊಂದ್ಸಲ ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ, ಸುಳ್ಳು ಲೆಕ್ಕ ಮಾತ್ರ ಹೇಳ್ಕೊಡಲ್ಲ!"

"ಅವ್ರು ಕೆಲ್ಸ ಬುಟ್ಟೋದ್ರೆ ನಾನೂ ಓಯ್ತೀನಿ ಸಾರ್," ಎಂದ ಅಂಬರೀಶ್. ಹುಡುಗರ ನಗು ನಿಂತಿತು.

ಅವನು ಕರವಸ್ತ್ರದಿಂದ ಗುಂಡನ್ನೂ ಹಲಗೆಯನ್ನೂ ಒರೆಸಿದ. ಅವಳು ಉಳಿದ ಜಿಡ್ಡು ಹೀರಲೆಂದು ಹಲಗೆಯ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ, ಅದನ್ನೂ ಒರೆಸಿ ತೆಗೆದಳು. ಲೋಟವನ್ನು ಕೂದಲೆಳೆಯಷ್ಟೂ ಸರಿಸಲಿಲ್ಲ. ಮತ್ತೆ ಗುಂಡು ಬಿಟ್ಟಳು.

ಠಣ್...

ಲೋಟದೊಳಗೆ!

ಹೊನ್ನಯ್ಯ ಬಗ್ಗಿ ಲೋಟ ನೋಡಿದರು, ಗೈಡು ನೋಡಿದರು. "ಈ ಪಾಠ ಇನ್ಮೇಲೆ ನೀನೇ ಮಾಡಮ್ಮ," ಎಂದು ಹೊರಟೇಬಿಟ್ಟರು. ಹುಡುಗರೂ ಕೇಕೆ ಹಾಕುತ್ತಾ ಹಿಂದೆ ಹೋದರು.

ಉಳಿದವರು ಇಬ್ಬರೇ.

"ಇನ್ಮುಂದೆ ನನ್ನ ಕೇಳ್ದೆ ನಂದೇನೂ ಮುಟ್ಬಾರ್ದು," ಎಂದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ಅಂಗಾರೆ ಕೇಳೇಬುಡ್ತೀನಿ... ನಿಮ್ಮ ಕೈ ಹಿಡೀಬೋದಾ? ಇವತ್ತೊಂದಿನಕ್ಕಲ್ಲ... ಕೊನೇವರ‍್ಗೂ."

ಅವಳು ಅವನ ಜಿಡ್ಡು ಬೆರಳುಗಳನ್ನು ನೋಡಿದಳು.

"ಮೊದ್ಲು ಆ ಎಣ್ಣೆ ಒರೆಸ್ಕೊಳ್ಳಿ. ಜಾರ‍್ಬಾರ್ದು."